ಹಗ್ಗದ ಆಚೆ ಸುರಪುರ

ಸಂತೆಗೆ ಹೋದಾಗ ಚೀಲ ತುಂಬುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆಲೂಗಡ್ಡೆ ತಳದಲ್ಲಿ, ಬದನೆಕಾಯಿ ಅದರ ಮೇಲೆ, ಟೊಮೆಟೊ ಕೊನೆಗೆ, ಕೊತ್ತಂಬರಿ ಚೀಲದ ಬಾಯಿಯಲ್ಲಿ. ಹೆಂಡತಿ ಮೊದಲೇ ಟೊಮೆಟೊ ಕೊಂಡುಬಿಟ್ಟರೆ ನಾನು ಅದನ್ನು ಅಂಗವಸ್ತ್ರದಲ್ಲಿ ಕಟ್ಟಿ ಕೈಯಲ್ಲಿ ಹಿಡಿದೇ ಸಂತೆಯೆಲ್ಲ ತಿರುಗುತ್ತೇನೆ. ಆಕೆ ನನ್ನ ಗುರುತೇ ಇಲ್ಲದವಳಂತೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾಳೆ. ತಪ್ಪು ಅವಳದಲ್ಲ. ಈ ರೋಗ ನನಗೆ ಅಂಟಿದ್ದು ಮದುವೆಗೂ ಮೊದಲು, ಯಾದಗಿರಿ ಸ್ಟೇಷನ್ನಿನ ಎದುರು ಇದ್ದ ಒಂದು ಪಾರ್ಸಲ್ ಲಾರಿ ಆಫೀಸಿನಲ್ಲಿ.

ಹೈದರಾಬಾದು ಸರಕಾರ ಹೋಗಿ ನಾವು ಮೈಸೂರು ರಾಜ್ಯದವರಾದ ಹೊಸತು. ನಾನು ಅಲ್ಲಿ ಕಾರಕೂನ. ರೈಲಿನಲ್ಲಿ ಬಂದದ್ದು, ಊರಿನ ವರ್ತಕರು ತಂದದ್ದು, ಎಲ್ಲವನ್ನೂ ದಿನಾ ಬೆಳಿಗ್ಗೆ ಲಾರಿಗೆ ಹೇರಿಸುವುದು ನನ್ನ ಕೆಲಸ. ಲಾರಿ ಮೊದಲು ಶಹಾಪುರ ಮುಟ್ಟಿ ಆಮೇಲೆ ಸುರಪುರಕ್ಕೆ ಹೋಗುತ್ತಿತ್ತು. ಕೊನೆಗೆ ಇಳಿಯುವುದು ಮೊದಲು ಏರಬೇಕಲ್ಲ, ಹಾಗಾಗಿ ಸುರಪುರದ ಸಾಮಾನೆಲ್ಲ ಒಳಗೆ, ಡ್ರೈವರನ ಬೆನ್ನಿಗೆ. ನಡುವೆ ಅಡ್ಡಲಾಗಿ ಒಂದು ಹಗ್ಗ. ಹಗ್ಗದ ಈಚೆ ಶಹಾಪುರ. ಶಹಾಪುರದ ಹಮಾಲರು ಚೀಟಿ ಓದುವ ಗೋಜಿಗೆ ಹೋಗುತ್ತಿರಲಿಲ್ಲ. ಹಗ್ಗದ ಈಚೆ ಕಂಡದ್ದನ್ನು ಇಳಿಸಿ ಲಾರಿಗೆ ಬೆನ್ನು ತಿರುಗಿಸುತ್ತಿದ್ದರು.

ಇಷ್ಟು ಸರಳವಾದದ್ದು ಕೆಡುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಹಮಾಲರ ಕಾಯಿದೆ ಬೇರೆ ಇತ್ತು, ಅದರಿಂದ ಕೆಡುತ್ತಿತ್ತು. ಜೋಳದ ಚೀಲದ ಮೇಲೆ ಅವರು ಕಾಲಿಡುತ್ತಿರಲಿಲ್ಲ. ಉಪ್ಪನ್ನು ದಾಟುತ್ತಿರಲಿಲ್ಲ. ಕಸಬರಿಗೆಯ ಕಟ್ಟು ಎಲ್ಲಿ ಕೂತರೂ ಕಾಳಿನ ತಲೆಯ ಮೇಲೆ ಕೂರುವಂತಿರಲಿಲ್ಲ. ಒಮ್ಮೆ ಶಹಾಪುರಕ್ಕೆ ಒಂದು ತೊಟ್ಟಿಲು ಹೋಗಬೇಕಿತ್ತು. ಖಾಲಿ ತೊಟ್ಟಿಲು ಅಲುಗಾಡಬಾರದು ಎಂದು ಅದರಲ್ಲಿ ಸುರಪುರದ ಯಾರದೋ ಐದು ತೆಂಗಿನಕಾಯಿ ಮಲಗಿಸಿ ಕಳಿಸಿದರು. ತೊಟ್ಟಿಲಿನವರು ಕಾಯಿಯನ್ನೂ ಸಂತೋಷದಿಂದ ಇಳಿಸಿಕೊಂಡರು. ಕಾಯಿಯವರು ಮಾಲಕರ ಹತ್ತಿರ ಬಂದರು. ಮಾಲಕರು ನನ್ನನ್ನು ಕರೆದು, ಇನ್ನೊಂದು ಫಿರ್ಯಾದು ಬಂದರೆ ಕುರ್ಚಿ ಇಲ್ಲಿಯೇ ಇರುತ್ತದೆ, ನೀನು ಇರುವುದಿಲ್ಲ ಎಂದರು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಅಂದಿನಿಂದ ನಾನು ಆ ಹಗ್ಗವನ್ನು ದೇವರ ಹಾಗೆ ನೋಡತೊಡಗಿದೆ.

ಹಮಾಲರ ಹಿರಿಯ ಖಾಜಾಸಾಬ್. ಮನೆಯಲ್ಲಿ ದಖನಿ ಉರ್ದು, ಲಾರಿಯ ಮೇಲೆ ಕನ್ನಡ, ಮೂಟೆಯ ಕೆಳಗೆ ಇದ್ದಾಗ ಮೌನ. ಅವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆ ಜಂಬವೂ ಇತ್ತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಓದಿದ್ದೆಲ್ಲ ಉರ್ದು. ಕನ್ನಡ ಮನೆಯ ಮಾತು, ನಾಲಿಗೆಯಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಸರಕಾರ ಬದಲಾದ ಮೇಲೆ ಪಾರ್ಸಲ್ಲುಗಳ ಮೇಲೆ ಕನ್ನಡ ಚೀಟಿ ಬರತೊಡಗಿದಾಗ, ಚಾಳೀಸು ಮರೆತು ಬಂದಿದ್ದೇನೆ, ನೀವೇ ಓದಿ ಎಂದು ತಂದವರಿಂದಲೇ ಓದಿಸುತ್ತಿದ್ದೆ. ಆಗ ನನ್ನ ಹತ್ತಿರ ಚಾಳೀಸೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸುರಪುರದ ಶಾಲೆಗೆಂದು ಎರಡು ಕಟ್ಟು ಕನ್ನಡ ಪಠ್ಯಪುಸ್ತಕ ರೈಲಿನಲ್ಲಿ ಬಂದವು. ನಾನು ಒಂದು ಕಟ್ಟಿನ ಮೇಲೆ ಚಹದ ಕಪ್ಪು ಇಟ್ಟು ಲಾರಿಯ ಪಟ್ಟಿ ಬರೆಯತೊಡಗಿದೆ. ಖಾಜಾಸಾಬ್ ಕಪ್ಪು ಎತ್ತಿಕೊಂಡು, ನಾನು ಬರೆದು ಮುಗಿಸುವವರೆಗೂ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಆಗಲೇ ನನಗೆ ತಿಳಿಯಬೇಕಿತ್ತು.

ಅದೇ ದಿನ ಸುರಪುರದ ಅಂಗಡಿಯೊಂದಕ್ಕೆ ಚಪ್ಪಲಿಯ ಮೂಟೆಗಳೂ ಇದ್ದವು. ಪುಸ್ತಕ ಭಾರ, ತಳಕ್ಕೆ ಹೋಗಲಿ; ಚಪ್ಪಲಿ ಹಗುರ, ಮೇಲಿರಲಿ ಎಂದೆ. ಖಾಜಾಸಾಬ್ ಆಗುವುದಿಲ್ಲ ಎಂದ. ಚಪ್ಪಲಿ ತಳಕ್ಕೆ ಹಾಕಿದರೆ ಪುಸ್ತಕದ ಭಾರಕ್ಕೆ ಜಜ್ಜಿಹೋಗುತ್ತವೆ ಎಂದು ನಾನು ವಾದಿಸಿದೆ. ಉಳಿದ ಹಮಾಲರು, ಖಾಜಾಸಾಬನ ಜಾತಿಯವರಲ್ಲದವರೂ, ಅವನ ಹಿಂದೆ ಬಂದು ನಿಂತರು.

“ನನಗ ಓದಾಕ ಬರಂಗಿಲ್ಲ, ಖರೆ ಐತ್ರಿ ಸಾಹೇಬ್ರ,” ಎಂದ ಖಾಜಾಸಾಬ್. “ಆದ್ರ ಅದರ ಮ್ಯಾಲೆ ಚಪ್ಪಲಿ ಇಡಾಕೂ ನನಗ ಬರಂಗಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ನಾನೇ ಲಾರಿ ಹತ್ತಿ, ಕಟ್ಟುಗಳನ್ನು ಒಳಗೆ ನೂಕಿ, ಅವುಗಳ ಮೇಲೆ ಚಪ್ಪಲಿಯ ಮೂಟೆ ಎಳೆದು, ಹಗ್ಗ ಬಿಗಿದು, ಗೆದ್ದವನ ಗತ್ತಿನಲ್ಲಿ ಇಳಿದು ರಸೀದಿ ಬರೆಯಲು ಒಳಗೆ ಹೋದೆ. ಲಾರಿ ಹೊರಟ ಸದ್ದು ಕೇಳಿ ನೆಮ್ಮದಿಯಾಯಿತು.

ಮರುದಿನ ಡ್ರೈವರ್ ಸುದ್ದಿ ತಂದ. ಸುರಪುರದಲ್ಲಿ ಚಪ್ಪಲಿ ಇಳಿದವು, ಪುಸ್ತಕ ಇಳಿಯಲಿಲ್ಲ. ಶಾಲೆಯ ಹೆಡ್ ಮಾಸ್ತರರು ಲಾರಿಯ ಮುಂದೆಯೇ ನಿಂತಿದ್ದರಂತೆ, ಮಾಲಕರಿಗೆ ಫಿರ್ಯಾದು ಬರೆಯುತ್ತೇನೆ ಎಂದರಂತೆ. ನಾನು ನೇರ ಹಮಾಲರ ಹತ್ತಿರ ಹೋದೆ. ಖಾಜಾಸಾಬನನ್ನು ಕೇಳಿದರೆ ಅವನು ಮುಚ್ಚಿಡಲೂ ಇಲ್ಲ. ನಾನು ಒಳಗೆ ಹೋದೊಡನೆ ಪುಸ್ತಕಗಳನ್ನು ಹೊರಗೆ ತೆಗೆದಿದ್ದರು. ಹಗ್ಗದ ಆಚೆ ಜಾಗ ಸಾಲದೆ, ಈಚೆ, ಜೋಳದ ಚೀಲಗಳ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ ಕೂಡಿಸಿದ್ದರು. ಅಲ್ಲಿಂದ ಅವು ಮರ್ಯಾದೆಯಾಗಿ ಶಹಾಪುರದಲ್ಲಿ ಇಳಿದಿದ್ದವು.

ಫಿರ್ಯಾದು ಮಾಲಕರನ್ನು ಮುಟ್ಟುವ ಮೊದಲು ನಾನು ಸುರಪುರ ಮುಟ್ಟಬೇಕಿತ್ತು. ಅಂದಿನ ಲಾರಿ ಹತ್ತಿದೆ, ಶಹಾಪುರದಲ್ಲಿ ಕಟ್ಟುಗಳನ್ನು ಹುಡುಕಿ ತೆಗೆದೆ, ಸುರಪುರದವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಶಾಲೆ ಗುಡ್ಡದ ಏರಿನಲ್ಲಿತ್ತು. ಒಂದೊಂದೇ ಕಟ್ಟು ತಲೆಯ ಮೇಲೆ ಹೊತ್ತು ಎರಡು ಸಲ ಹತ್ತಿದೆ. ಅಷ್ಟು ವರ್ಷ ಪಟ್ಟಿಯಲ್ಲಿ ಭಾರ ಬರೆದವನಿಗೆ ಭಾರ ಎಂದರೇನೆಂದು ಕತ್ತಿನ ನರ ಹೇಳಿಕೊಟ್ಟದ್ದು ಅವತ್ತೇ.

ಹೆಡ್ ಮಾಸ್ತರರು ತೆಳ್ಳಗಿನ ಮನುಷ್ಯರು, ಕರಿ ಕೋಟು. ಫಿರ್ಯಾದು ಆಗಲೇ ಬರೆದು ಮಡಚಿ ಕಿಸೆಯಲ್ಲಿಟ್ಟಿದ್ದರು. ನಡೆದದ್ದನ್ನೆಲ್ಲ ನಿಂತೇ ಕೇಳಿ, ಹಮಾಲರ ಮಾತು ಬಂದಾಗ ಮೀಸೆಯಲ್ಲಿ ಸ್ವಲ್ಪ ನಕ್ಕು, ಅದನ್ನೇ ಕನ್ನಡದಲ್ಲಿ ಬರೆದುಕೊಡಿ ಎಂದು ಹಾಳೆ, ಲೇಖನಿ ಮುಂದಿಟ್ಟರು. ಲೇಖನಿ ತಾನಾಗಿ ಹಾಳೆಯ ಬಲ ಅಂಚಿಗೆ ಹೋಗಿ ನಿಂತಿತು. ಎಡಕ್ಕೆ ತಂದೆ. ಅಲ್ಲಿಂದ ಅದು ಕದಲಲಿಲ್ಲ. ಚಾಳೀಸು ಮರೆತಿದ್ದೇನೆ ಎನ್ನಲು ಬಾಯಿ ಬರಲಿಲ್ಲ.

“ಮನ್ಯಾಗ ಯಾವ ಮಾತು ಆಡ್ತೀರಿ?” ಎಂದರು.

“ಕನ್ನಡಾನ್ರಿ.”

ಅವರು ಒಂದು ಕಟ್ಟು ಬಿಚ್ಚಿ, ಎಲ್ಲಕ್ಕಿಂತ ತೆಳ್ಳಗಿದ್ದ ಒಂದನೇ ಇಯತ್ತೆಯ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. “ಇದನ್ನ ಕಲ್ತು, ಬರದು ತರ್ರಿ. ಅಲ್ಲೀತನಕ ಈ ಫಿರ್ಯಾದು ನನ್ನ ಕಿಸೇದಾಗ ಇರತೈತಿ.”

ನೌಕರಿಯನ್ನು ಇನ್ನೊಬ್ಬರ ಕಿಸೆಯಲ್ಲಿ ಬಿಟ್ಟು ಬಂದವನು ಎಷ್ಟು ಬೇಗ ಕಲಿಯುತ್ತಾನೆಂದು ನೀವು ಊಹಿಸಬಹುದು. ಆದರೂ ಅಗಸನಿಂದ ಆನೆಯವರೆಗೆ ಬರಲು ಎರಡು ದಿನ ಹಿಡಿಯಿತು, ಒತ್ತಕ್ಷರಗಳಂತೂ ಜೀವ ತಿಂದವು. ಬೆಳಿಗ್ಗೆ ಲಾರಿ ಬರುವ ಮೊದಲು ಆಫೀಸಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಖಾಜಾಸಾಬ್ ಎದುರಿಗೆ ಕೂತು, ಇವತ್ತು ಏನು ಬರೆದಿದ್ದಾರೆ ಎಂದು ದಿನಾ ಕೇಳುತ್ತಿದ್ದ. ನಾನು ತಡವರಿಸಿದರೆ, ಕಟ್ಟಿನಲ್ಲಿ ಇಷ್ಟು ಗಟ್ಟಿ ಸಾಮಾನು ಇದೆಯೆಂದು ಮೊದಲೇ ಗೊತ್ತಿತ್ತು ಎನ್ನುವಂತೆ ತಲೆದೂಗುತ್ತಿದ್ದ. ನನಗೆ ಅವನ ಮೇಲಿನ ಸಿಟ್ಟು ಯಾವಾಗ ಹೋಯಿತೋ ತಿಳಿಯಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಹಾಳೆ ತುಂಬ ಬರೆದುಕೊಂಡು ಸುರಪುರಕ್ಕೆ ಹೋದೆ. ಮಾಸ್ತರರು ಕೆಂಪು ಪೆನ್ಸಿಲಿನಲ್ಲಿ ಹನ್ನೊಂದು ತಪ್ಪು ತಿದ್ದಿದರು. ಆಮೇಲೆ ಕಿಸೆಯಿಂದ ಫಿರ್ಯಾದು ತೆಗೆದು ನನಗೇ ಕೊಟ್ಟು, ಗಟ್ಟಿಯಾಗಿ ಓದಿ ಎಂದರು. ಓದಿದೆ. ಒಂದು ಕಡೆಯೂ ನಿಲ್ಲದೆ ಓದಿದೆ. ಅದರಲ್ಲಿ ನನ್ನನ್ನು ಶುದ್ಧ ಬೇಜವಾಬ್ದಾರಿ ಮನುಷ್ಯ ಎಂದು ಬರೆದಿತ್ತು. ಬೇಜವಾಬ್ದಾರಿ ಎಂಬ ಅಷ್ಟು ಉದ್ದದ ಶಬ್ದ ಒಂದೇ ಉಸಿರಿಗೆ ಬಂತಲ್ಲ ಎಂಬ ಖುಷಿಯಲ್ಲಿ ನನಗೆ ಬೈಗುಳವೇ ತಾಗಲಿಲ್ಲ. ಆ ಹಾಳೆ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಆಮೇಲೆ ಲಾರಿಗೆ ಹೊಸ ಕಾಯಿದೆ ಮಾಡಿದೆ. ಪುಸ್ತಕ ಯಾವ ಊರಿನದೇ ಇರಲಿ, ಹಗ್ಗದ ಆಚೆಯೂ ಬೇಡ, ಈಚೆಯೂ ಬೇಡ. ಡ್ರೈವರನ ಪಕ್ಕದ ಸೀಟು ಅದಕ್ಕೆ. ಖಾಜಾಸಾಬ್ ಅದನ್ನು ನೋಡಿ, ಸಾಹೇಬರಿಗೆ ಈಗ ಹೇರುವುದು ಬಂತು ಎಂದು ಉಳಿದವರಿಗೆ ಹೇಳಿದನಂತೆ.

ಕನ್ನಡದಲ್ಲಿ ನಾನು ಬರೆದ ಮೊದಲ ಬರಹ ಒಂದು ತಪ್ಪೊಪ್ಪಿಗೆ. ಅಲ್ಲಿಂದ ಇಲ್ಲಿಯವರೆಗೆ ಬರೆದದ್ದೂ ಹೆಚ್ಚುಕಡಿಮೆ ಅದೇ, ತಿದ್ದಲು ಕೆಂಪು ಪೆನ್ಸಿಲಿನವರು ಇಲ್ಲ ಅಷ್ಟೇ. ಇದನ್ನು ನೀವು ಮೆಚ್ಚಬೇಕೆಂದೇನೂ ಇಲ್ಲ. ಓದಿ ಬದಿಗಿಟ್ಟ ಮೇಲೆ, ದಯವಿಟ್ಟು, ಇದರ ಮೇಲೆ ಚಹದ ಕಪ್ಪು ಮಾತ್ರ ಇಡಬೇಡಿ. ಎಲ್ಲೋ ಒಬ್ಬ ಹಮಾಲ ಅದನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ.