ಬಣ್ಣದ ಕೆಳಗಿನ ಕೆಲಸ ಗುಲಾಬಿಯವರದು

ಬೆಳಗಿನ ಆರು ಗಂಟೆ. ಕೊಲ್ಕತ್ತದ ಲೇಕ್ ಗಾರ್ಡನ್ಸ್ ಸ್ಟೇಷನ್ನಿಗೆ ಲೋಕಲ್ ಬಂದು ನಿಂತ ಸದ್ದು ಕೇಳುತ್ತದೆ, ರೈಲು ಕಾಣುವುದಿಲ್ಲ. ಜನವರಿಯ ಮಂಜು ಅಷ್ಟು ದಟ್ಟ. ಕೆರೆಯ ದಂಡೆಯ ದೋಣಿ ಕ್ಲಬ್ಬಿನ ಹಿಂದೆ, ತಗಡಿನ ಮಾಡಿನ ಕೆಳಗೆ, ಹದಿನಾಲ್ಕು ಅಡಿಯ ಫೈಬರ್ ಹಾಯಿದೋಣಿಯೊಂದು ಬೋರಲಾಗಿ ಮಲಗಿದೆ. ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟ ಗುಲಾಬಿ ಅದನ್ನು ಒರೆಸುತ್ತಿದ್ದಾರೆ. ಒಂದು ಕೈಯಲ್ಲಿ ಥಿನ್ನರಿನಲ್ಲಿ ಅದ್ದಿದ ಬಟ್ಟೆ, ಇನ್ನೊಂದರಲ್ಲಿ ಒಣಬಟ್ಟೆ. ಒದ್ದೆಯದರ ಹಿಂದೆಯೇ ಒಣಗಿದ್ದು ಹೋಗುತ್ತದೆ, ಒಂದೇ ದಿಕ್ಕಿಗೆ. ಒಂದು ಮೊಳಕ್ಕೊಮ್ಮೆ ಬಟ್ಟೆಯ ಮಗ್ಗುಲು ಬದಲಾಗುತ್ತದೆ.

“ಒಂದು ದೋಣಿಗೆ ಮೂವತ್ತು ತುಂಡು ಬಟ್ಟೆ ಬೇಕು. ಮನೆಯಲ್ಲಿ ಒಂದು ಹಳೆ ಬನಿಯನ್ ಉಳಿಯೋದಿಲ್ಲ. ನಮ್ಮವರು ಈಗ ಒಳ್ಳೇದನ್ನು ಬೀಗ ಹಾಕಿ ಇಡ್ತಾರೆ” ಎನ್ನುತ್ತಾರೆ.

ಒರೆಸಿದ ಜಾಗಕ್ಕೆ ನೀರು ಚಿಮುಕಿಸುತ್ತಾರೆ. ನೀರು ಹನಿ ಹನಿಯಾಗಿ ನಿಂತರೆ ಪಾಲಿಶ್‌ನ ಮೇಣ ಇನ್ನೂ ಇದೆ ಎಂದರ್ಥ. ಹಾಳೆಯಂತೆ ಹರಡಿಕೊಂಡರೆ ಮಾತ್ರ ಸ್ಯಾಂಡ್ ಪೇಪರ್ ಕೈಗೆ ಬರುತ್ತದೆ. “ಮೇಣ ತೆಗೀದೆ ಉಜ್ಜಿದ್ರೆ ಅದು ಗೀರಿನ ಒಳಗೆ ಹೋಗಿ ಕೂತ್ಕೊಳ್ತದೆ. ಮತ್ತೆ ಅಡಿಬಣ್ಣ ಪ್ರೈಮರ್‌ಗೆ ಹಿಡಿಲಿಕ್ಕೆ ಜಾಗ ಎಲ್ಲುಂಟು?”

ಗುಲಾಬಿಯವರಿಗೆ ನಲವತ್ತು ವರ್ಷ. ಊರು ಮಲ್ಪೆ. ತಂದೆ ಅಲ್ಲಿ ಫೈಬರ್ ದೋಣಿ ಕಟ್ಟುವ ಯಾರ್ಡಿನಲ್ಲಿದ್ದರು. ಏಳನೇ ತರಗತಿ ಮುಗಿದ ವರ್ಷ ಬುತ್ತಿ ಕೊಡಲು ಹೋದ ಹುಡುಗಿ ಅಲ್ಲೇ ಕೆಲಸಕ್ಕೆ ನಿಂತರು. ಮದುವೆಯಾಗಿ ಕೊಲ್ಕತ್ತಕ್ಕೆ ಬಂದರು. ಗಂಡ ರಮಾನಾಥ ಬ್ಯಾಂಕಿನ ಬಾಲಿಗಂಜ್ ಶಾಖೆಯಲ್ಲಿ ಅಟೆಂಡರ್. ಮನೆ ಕಸ್ಬಾದಲ್ಲಿ, ಹೊಸದಾಗಿ ಎದ್ದ ಆಫೀಸು ಕಟ್ಟಡಗಳ ಹಿಂದೆ. ಒಂಬತ್ತು ವರ್ಷಗಳ ಹಿಂದೆ ಕನ್ನಡ ಸಂಘದ ಊಟದಲ್ಲಿ, ದೋಣಿಗೆ ಹಾಕಿದ ತೇಪೆ ನಿಲ್ಲುತ್ತಿಲ್ಲ ಎಂದು ಯಾರೋ ಹೇಳುತ್ತಿದ್ದರಂತೆ. ಸಾರು ಬಡಿಸುತ್ತಿದ್ದ ಗುಲಾಬಿ, “ಉಜ್ಜಿದ್ದು ಸಾಲ್ಲಿಲ್ಲ” ಎಂದರಂತೆ. ತೇಪೆಯ ಮಾತು ತೆಗೆದಿದ್ದವರು ಶ್ಯಾಮಸುಂದರ, ಮೈಸೂರಿನವರು, ನಿವೃತ್ತ ರೈಲ್ವೆ ಅಧಿಕಾರಿ, ಈ ಕ್ಲಬ್ಬಿನ ಕಾರ್ಯದರ್ಶಿ. ಮರುದಿನವೇ ಕರೆ ಬಂತು.

ಕ್ಲಬ್ಬಿನ ಐದೂ ದೋಣಿಗಳು ಗುಲಾಬಿಯವರ ಕೈಯಲ್ಲಿದ್ದವು, ಹೋದ ವರ್ಷದ ರೇಸಿನವರೆಗೆ. ಸೆಪ್ಟೆಂಬರಿನ ವಿಶ್ವಕರ್ಮ ಪೂಜೆಯ ದಿನ ಈ ಊರಿನಲ್ಲಿ ರಿಕ್ಷಾದಿಂದ ಲೇತ್ ಮಿಷನ್ನಿನವರೆಗೆ ಎಲ್ಲವೂ ಮಿಂದು ಹೊಳೆಯುತ್ತವೆ. ಗುಲಾಬಿಯೂ ಆ ಸಲ ದೋಣಿಗಳಿಗೆ ಕಾರಿನ ಪಾಲಿಶ್ ತಿಕ್ಕಿ, ಹೂ ಹಾಕಿ, ಕುಂಕುಮ ಇಟ್ಟಿದ್ದರು. ಆ ಡಿಸೆಂಬರಿನಲ್ಲಿ ಪಾಲಿಶ್ ಇರುವುದನ್ನು ಮರೆತು ನೇರ ಉಜ್ಜಿ ಬಣ್ಣ ಹೊಡೆದರು. ರೇಸಿನ ದಿನ ಬಣ್ಣ ಪಟ್ಟಿ ಪಟ್ಟಿಯಾಗಿ ಎದ್ದು ನೀರಿನ ಮೇಲೆ ತೇಲಿತು.

“ದೇವರ ಹೆಸರಲ್ಲೇ ಮಾಡಿದ್ದು. ಆದ್ರೆ ತಪ್ಪು ನಂದು. ದೇವರ ಮೇಲೆ ಹಾಕ್ಲಿಕ್ಕೆ ಬರೋದಿಲ್ಲ.”

ಸಮಿತಿಯವರು ಆ ಐದು ದೋಣಿಗಳ ಕೆಲಸ ತಡೆಹಿಡಿದಿದ್ದಾರೆ. ಆರನೆಯದು ಈ ಹಾಯಿದೋಣಿ, ಕ್ಲಬ್ಬಿಗೆ ಹೊಸದು. ಇದರ ಬಣ್ಣ ನಿಂತರೆ ಉಳಿದವೂ ಗುಲಾಬಿಗೆ. ಎದ್ದರೆ ಆರೂ ಹೊರಗಿನ ಗುತ್ತಿಗೆದಾರನಿಗೆ.

ಇದನ್ನು ಈಚೆಗೆ ಹಳೆಯದಾಗಿ ಕೊಂಡವನು ಮನೀಷ್, ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯ ಕನ್ನಡಿಗ ಯುವಕ. ಹಿಂದಿನ ಮಾಲೀಕ ಯಾವ ಬಣ್ಣ ಹೊಡೆದಿದ್ದ ಎಂದು ಯಾರಿಗೂ ಗೊತ್ತಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಅವನು ಎರಡು ಡಬ್ಬಿ ತಂದಿಡುತ್ತಾನೆ.

“ಆಂಟಿ, ಎರಡೂ ಮಿಕ್ಸ್ ಮಾಡಿ ಹಾಕೋ ಎಪಾಕ್ಸಿ ಪ್ರೈಮರ್. ನೆಟ್‌ನಲ್ಲಿ ಎಲ್ಲಾ ಇದೇ ಬೆಸ್ಟ್ ಅಂತ ಬರ್ದಿದಾರೆ.”

“ಬರೆದವರು ಈ ದೋಣಿ ಮುಟ್ಟಿದ್ದಾರಾ ಮಗಾ?”

“ಅದು... ಇಲ್ಲ.”

“ಡಬ್ಬಿ ಕೆಟ್ಟದು ಅಂತ ನಾನು ಹೇಳ್ಲಿಲ್ಲ. ಇದಕ್ಕೆ ಆಗ್ತದಾ ನೋಡುವ. ಹತ್ತು ನಿಮಿಷ ಕೂತ್ಕೊ, ನಿನ್ನ ಕಂಪ್ಯೂಟರ್ ಎಲ್ಲಿಗೂ ಓಡೋದಿಲ್ಲ.”

ಹಿಂಬದಿಯ ಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಥಿನ್ನರಿನ ಬಟ್ಟೆಯನ್ನು ಟೇಪಿನಿಂದ ಅಂಟಿಸುತ್ತಾರೆ. ಹತ್ತು ನಿಮಿಷದ ನಂತರ ತೆಗೆದರೆ, ಕೆಳಗಿನ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದೆ. ಅಂದರೆ ಹಳೆಯದು ಒಂದೇ ಡಬ್ಬಿಯ ಸಾದಾ ಬಣ್ಣ. ಖಾರವಾದ ಎಪಾಕ್ಸಿ ಅದರ ಮೇಲೆ ಬಿದ್ದರೆ ಅದನ್ನೂ ಎಬ್ಬಿಸಿ ತಾನೂ ಏಳುತ್ತದೆ. ಎಲ್ಲ ಬಣ್ಣ ಕೆರೆದು ಬರಿ ಫೈಬರ್ ಮಾಡಿಕೊಂಡರೆ ಮನೀಷನ ಡಬ್ಬಿಯೇ ಮೇಲು, ಆದರೆ ಅದಕ್ಕೆ ಹತ್ತು ದಿನ ಬೇಕು. ಈ ಸಲದ ರೇಸಿಗೆ ಉಳಿದಿರುವುದು ಎಂಟು.

ಅಷ್ಟರಲ್ಲಿ ಶ್ಯಾಮಸುಂದರ ಬರುತ್ತಾರೆ. “ನೋಡಮ್ಮ, ಮಾಲೀಕರೇ ತಂದುಕೊಟ್ಟಿದಾರೆ. ಹಾಕ್ಬಿಡು. ನಾಳೆ ಕಿತ್ಕೊಂಡ್ರೆ ನಿನ್ನ ತಲೆಗೆ ಬರಲ್ಲ.”

ತಪ್ಪಿಸಿಕೊಳ್ಳಲು ಒಳ್ಳೆಯ ದಾರಿಯೇ. ಗುಲಾಬಿ ಬಟ್ಟೆ ಮಡಚುತ್ತಾರೆ. “ಏಳ್ತದೆ ಅಂತ ಗೊತ್ತಿದ್ದೂ ಹಾಕ್ಲಿಕ್ಕೆ ನಂಗೆ ಆಗೋದಿಲ್ಲ ಸರ್. ಬೇಕಾದ್ರೆ ಬೇರೆಯವರನ್ನು ಕರೀರಿ.”

ಮನೀಷನೇ ತನ್ನ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. “ಏನ್ ತರ್ಬೇಕು ಹೇಳಿ ಆಂಟಿ.”

ಗುಲಾಬಿ ಆರಿಸುವುದು ಒಂದೇ ಡಬ್ಬಿಯ ಪ್ರೈಮರ್, ಹಳೆಯ ಬಣ್ಣದ ಜೊತೆ ಜಗಳವಾಡದ್ದು. ಸದಾ ನೀರಿನಲ್ಲೇ ನಿಲ್ಲುವ ದೋಣಿಗೆ ಇದು ಸಾಲದು. ಇದು ಆಟ ಮುಗಿದೊಡನೆ ದಂಡೆಗೆ ಬರುವ ದೋಣಿ. ಇಬ್ಬನಿ ಆರುವವರೆಗೆ, ಅಂದರೆ ಹತ್ತು ಗಂಟೆಯವರೆಗೆ, ಬ್ರಷ್ ಮುಟ್ಟುವುದಿಲ್ಲ. ಮೂರಕ್ಕೆ ನಿಲ್ಲಿಸುತ್ತಾರೆ. ದಿನಕ್ಕೊಂದು ಕೋಟು, ಎರಡು ದಿನ, ನಡುವೆ ಮತ್ತೆ ಉಜ್ಜುವುದು. ಥಿನ್ನರಿಗೆ ಬೆರಳ ತುದಿ ಬಿರಿದಿದೆ. ಅನ್ನ ಕಲಸುವಾಗ ಉರಿ ಎನ್ನುತ್ತಾರೆ, ಅಷ್ಟೆ.

ಐದನೆಯ ದಿನ ಬ್ಲೇಡಿನಿಂದ ಪ್ರೈಮರಿನ ಮೇಲೆ ಅಡ್ಡಡ್ಡ ಉದ್ದುದ್ದ ಗೀರಿ, ಟೇಪು ಒತ್ತಿ, ಗುಲಾಬಿ ಹಿಂದೆ ಸರಿದು ನಿಲ್ಲುತ್ತಾರೆ. “ನೀವೇ ಎಳೀರಿ ಸರ್.”

ಶ್ಯಾಮಸುಂದರ ಎಳೆಯುತ್ತಾರೆ. ಟೇಪು ಖಾಲಿ ಬರುತ್ತದೆ, ಪ್ರೈಮರಿನ ಒಂದು ಚೂರೂ ಅಂಟಿಲ್ಲ. ನಂಬಿಕೆ ಸಾಲದೆ ಮುಂಬದಿಯಲ್ಲಿ ತಾವೇ ಗೀರಿ ಇನ್ನೊಮ್ಮೆ ಎಳೆಯುತ್ತಾರೆ. ಅಲ್ಲೂ ಖಾಲಿ. ಕನ್ನಡಕ ಒರೆಸಿಕೊಂಡು, “ಸೋಮವಾರದಿಂದ ಉಳಿದ ಐದನ್ನೂ ಶುರು ಮಾಡಮ್ಮ” ಎನ್ನುತ್ತಾರೆ.

ಗುಲಾಬಿ ತಲೆಯಾಡಿಸಿ, ಮೊದಲು ಬ್ಲೇಡು ಗೀರಿದ ಎರಡು ಜಾಗಗಳಿಗೆ ಪ್ರೈಮರ್ ತುಂಬುತ್ತಾರೆ. ಆಮೇಲೆ ನೋಡುತ್ತ ನಿಂತಿದ್ದ ಮನೀಷನ ಕೈಗೆ ಮಾರ್ಕರ್ ಕೊಟ್ಟು, ದೋಣಿಯ ಆಸನದ ಅಡಿಯನ್ನು ತೋರಿಸುತ್ತಾರೆ. “ಇಂಗ್ಲಿಷಿನಲ್ಲಿ ಬರಿ. ಹಳೆ ಬಣ್ಣ ಯಾವುದು, ಪ್ರೈಮರ್ ಯಾವುದು, ಎಷ್ಟು ಕೋಟು, ತಾರೀಕು. ನಾಳೆ ಬರುವವರು ಕತ್ತಲಲ್ಲಿ ತಡಕಾಡೋದು ಬೇಡ.”

ಅವನು ಮಂಡಿಯೂರಿ ಬರೆಯುತ್ತಾನೆ. “ನಿಮ್ಮ ಹೆಸ್ರೂ ಹಾಕ್ಲಾ ಆಂಟಿ?”

“ಹಾಕು” ಎನ್ನುತ್ತಾರೆ ಗುಲಾಬಿ. “ಎದ್ದು ಬಂದ್ರೆ ಯಾರನ್ನು ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ.”