ಏನಂದ್ರು ಡಾಕ್ಟ್ರು?

ಬೆಲ್‌ಬಾಟಂ ಪ್ಯಾಂಟು ನಮ್ಮ ಹೊಳಲ್ಕೆರೆಗೂ ಬಂದ ವರ್ಷ ಅದು, ೧೯೭೫. ಪೇಟೆ ಬೀದಿಯ ಒಂದು ಸಣ್ಣ ಮಳಿಗೆಯಲ್ಲಿ ನಮ್ಮಣ್ಣ ತಿಪ್ಪೇಸ್ವಾಮಿಯ ಟೈಲರ್ ಅಂಗಡಿ ಇತ್ತು. ಇದ್ದದ್ದು ಒಂದೇ ಹೊಲಿಗೆ ಮಿಷನ್ನು, ಕಾಲಲ್ಲಿ ತುಳಿಯುವಂಥದ್ದು. ಅಪ್ಪ ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವರು ಅಣ್ಣ, ಅತ್ತಿಗೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಅಣ್ಣ ಹೊಡೆಯಲಿಲ್ಲ, ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿಗೆ ಕಾಜ ಹಾಕುವುದರಿಂದ ಹಿಡಿದು ಕಟಿಂಗ್‌ವರೆಗೆ ಎಲ್ಲ ಕಲಿಸಿದ. ಬೆಲ್‌ಬಾಟಂ ಬಂದ ವರ್ಷ ನನಗೆ ಇಪ್ಪತ್ತೆರಡು, ಅವನಿಗೆ ನಲವತ್ತೈದರ ಮೇಲೆ.

ಅಣ್ಣನಿಗೆ ಊರಲ್ಲಿ ಒಳ್ಳೆ ಹೆಸರಿತ್ತು. ಮನೆಯಿಂದ ಅಂಗಡಿಗೆ ನಡೆದು ಬರುವಾಗ ಅಲ್ಲಲ್ಲಿ ನಿಂತು ಎಲ್ಲರನ್ನೂ ಮಾತಾಡಿಸುತ್ತಿದ್ದ. ಮೊದಲು ಸಾಕಮ್ಮಜ್ಜಿಯ ಬಾಗಿಲು.

"ಏನಜ್ಜಿ, ಮೊಣಕಾಲು ಹೆಂಗೈತೆ?"

"ನನ್ ಕಾಲಿಗೇನಾಗೈತೆ? ನಿನಗಿಂತ ಜೋರಾಗಿ ಓಡ್ತೀನಿ, ಬಾ ಪಂದ್ಯ ಕಟ್ಟು!"

ಅಲ್ಲಿಂದ ಬೇವಿನ ಮರದ ಕಟ್ಟೆ, ಆಮೇಲೆ ಹಿಟ್ಟಿನ ಗಿರಣಿ. ಗಿರಣಿಯ ಮಲ್ಲಣ್ಣ ದೂರದಿಂದಲೇ ಕೂಗುತ್ತಿದ್ದ: "ಬಂದ್ರು ನೋಡ್ರಪ್ಪ ಟೈಲ್ರು. ಇವ್ರು ಅಂಗಡಿ ಮುಟ್ಟೋಷ್ಟ್ರಾಗೆ ನಾವು ರಾಗಿ ಬೀಸಿ, ಮುದ್ದೆ ಮಾಡಿ, ಉಂಡು ಕೈ ತೊಳಿಬೋದು!"

ಪಕ್ಕದಲ್ಲಿ ನಿಂತ ನನಗೆ ಸಿಟ್ಟು ಬರುತ್ತಿತ್ತು. ಅಂಗಡಿಯಲ್ಲಿ ಕೆಲಸ ಬಿದ್ದಿದೆ, ಇವನಿಗೆ ಊರ ಕ್ಷೇಮ ವಿಚಾರಿಸುವ ಚಟ ಅಂದುಕೊಳ್ಳುತ್ತಿದ್ದೆ. ಅಂಗಡಿಯಲ್ಲೂ ಹಾಗೆಯೇ. ಒಂದು ಪ್ಯಾಂಟಿನ ಉದ್ದ ಹೊಲಿಗೆ ಮುಗಿಯುವುದರೊಳಗೆ "ಒಂದು ಬೀಡಿ ಸೇದಿ ಬರ್ತೀನಿ ತಡಿಯಲೇ" ಎಂದು ಎದ್ದು ಹೋಗುತ್ತಿದ್ದ. ಮಿಷನ್ನಿನಲ್ಲಿ ಬಟ್ಟೆ ಹಾಗೇ ಸಿಕ್ಕಿಕೊಂಡಿರುತ್ತಿತ್ತು.

ಅವನಿಗೆ ಸಣ್ಣಪುಟ್ಟ ತೊಂದರೆಗಳಿದ್ದವು. ಮೀನಖಂಡ ಹಿಡಿಯುತ್ತದೆ ಅಂದಾಗ ಹೊಸದುರ್ಗದ ಕಡೆಯಿಂದ ಯಾರೋ ತಂದುಕೊಟ್ಟ ಎಣ್ಣೆ ತಿಕ್ಕಿದೆವು. ತಲೆ ಸಿಡಿಯುತ್ತದೆ ಅಂದಾಗ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಸೋತಿದೆ ಅಂದೆವು. ಕೊಡ ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ, ಅದನ್ನು ಬೇಸಿಗೆಯ ತಲೆಗೆ ಕಟ್ಟಿದೆವು. ಬಚ್ಚಲ ಹತ್ತಿರ ಇರುವೆ ಸಾಲು ಕಟ್ಟುತ್ತವೆ ಎಂದು ಅತ್ತಿಗೆ ಅರಿಶಿನ ಚೆಲ್ಲುತ್ತಿದ್ದರು. ಇವೆಲ್ಲ ಒಬ್ಬನೇ ಮನುಷ್ಯನ ಮೈಯಿಂದ ಬರುತ್ತಿವೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಇನ್ನು ನನ್ನ ವಿಷಯ. ಚಿತ್ರದುರ್ಗಕ್ಕೆ ಕಾಲೇಜಿಗೆ ಹೋಗುವ ಹುಡುಗರು ಬೆಲ್‌ಬಾಟಂ ಹೊಲಿಸಲು ಬರತೊಡಗಿದ್ದರು. ಅಣ್ಣನಿಗೆ ಆ ಕಟಿಂಗ್ ಒಗ್ಗಲಿಲ್ಲ. "ಇದೇನಲೇ ಪ್ಯಾಂಟೋ ಲಂಗವೋ?" ಎಂದು ನಗುತ್ತಿದ್ದ. ನನಗೆ ಒಗ್ಗಿತು. ಅವನು ಬೀಡಿಗೆ ಎದ್ದಾಗಲೆಲ್ಲ ನಾನು ಮಿಷನ್ನಿಗೆ ಕೂರುತ್ತಿದ್ದೆ, ಅವನು ಬಂದ ಮೇಲೆ ಏಳಲು ಮನಸ್ಸಾಗುತ್ತಿರಲಿಲ್ಲ. ಸಂಜೆ ನೆಲದ ಮೇಲೆ ಅಯಸ್ಕಾಂತ ಆಡಿಸಿ ಬಿದ್ದ ಸೂಜಿ, ಗುಂಡುಪಿನ್ನು ಆರಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಬೆಲ್‌ಬಾಟಂ ಹೊಲಿಯುವ ನಾನು ಇನ್ನೂ ಕಸ ಗುಡಿಸಬೇಕೇ ಎಂದು ಅದನ್ನೂ ಬಿಟ್ಟುಬಿಟ್ಟಿದ್ದೆ.

ಯುಗಾದಿ ಹತ್ತಿರ ಬಂತು. ಬಟ್ಟೆಯ ಗಂಟುಗಳು ಮಾಡಿನವರೆಗೆ ಏರಿದ್ದವು. ಒಂದು ದಿನ ಮಿಷನ್ನಿನ ಕಾಲುಹಲಗೆಯ ಮೇಲೆ ಕಂದು ಕಲೆ ಕಂಡಿತು. ಬಗ್ಗಿ ಅಣ್ಣನ ಬಲಗಾಲು ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಮುರಿದ ಸೂಜಿಯ ತುಂಡು. ದಪ್ಪ ಬಟ್ಟೆಯ ಅಂಚು ಹೊಲಿಯುವಾಗ ನಾನೇ ಮುರಿದು ಬಿಟ್ಟ ಸೂಜಿ. ಒಳಗೆ ಹೋಗಿ ಎಷ್ಟು ದಿನವಾಗಿತ್ತೋ, ಸುತ್ತ ಕೀವು ಕಟ್ಟಿತ್ತು.

"ಅಯ್ಯ, ನೋವೇ ಆಗಿಲ್ಲ ನೋಡು ಮಾರಾಯ!" ಎಂದ ಅಣ್ಣ.

"ಟೈಲ್ರದ್ದು ಗಟ್ಟಿ ಕಾಲು ಬಿಡಪ್ಪ, ಎತ್ತಿನ ಗೊರಸು ಇದ್ದಂಗೈತೆ" ಎಂದ, ಬಟ್ಟೆ ಒಯ್ಯಲು ಬಂದಿದ್ದ ಮಲ್ಲಣ್ಣ. ಎಲ್ಲರೂ ನಕ್ಕೆವು. ನೋವಾಗದಿರುವುದು ಗಟ್ಟಿತನ ಎಂದೇ ನಮ್ಮ ತಿಳಿವಳಿಕೆ.

ಊರಿನ ಡಾಕ್ಟರು ಸೂಜಿ ತೆಗೆದು ಪಟ್ಟಿ ಕಟ್ಟಿದರು. ಕಾಲನ್ನು ಬಹಳ ಹೊತ್ತು ಮುಟ್ಟಿ ನೋಡಿದರು, ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ಬಿಪಿ ನೋಡಿದರು. "ಮಿಷನ್ ತುಳಿಬೇಡ. ಬೆಳಿಗ್ಗೆ ಉಚ್ಚೆ ಹಿಡಿದು ತಮ್ಮನ ಕೈಲಿ ಕಳಿಸು" ಎಂದರು.

ಮರುದಿನ ಬೆಳಿಗ್ಗೆ ಸೀಸೆ ಹಿಡಿದು ನಾನೊಬ್ಬನೇ ಹೋದೆ. ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಕೆಲವು ಹನಿ ಉಚ್ಚೆ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬಣ್ಣ ಬಿಡುವ ಬಟ್ಟೆ ನೋಡಿದ ಹಾಗೆ ನೋಡುತ್ತಾ ನಿಂತಿದ್ದೆ.

"ನೋಡಪ್ಪ ರುದ್ರ" ಎಂದರು ಡಾಕ್ಟರು. "ನಿಮ್ಮಣ್ಣನಿಗೆ ಸಕ್ಕರೆ ಕಾಯಿಲೆ ಬಹಳ ಐತೆ. ಅದಕ್ಕೇ ಸೂಜಿ ಚುಚ್ಚಿದ್ದೂ ಗೊತ್ತಾಗಿಲ್ಲ. ಬಿಪಿನೂ ಏರೈತೆ. ಇದೆಲ್ಲದರ ಮೇಲೆ ಆ ಕಾಲಿಗೆ ರಕ್ತ ಸರಿಯಾಗಿ ಇಳೀತಾ ಇಲ್ಲ. ಮೂರೂ ಕೂಡಿದ್ರೆ ಗಾಯ ಮಾಯೋದಿಲ್ಲ. ನಾಳೇನೇ ದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗ್ರಿ. ಹಬ್ಬಗಿಬ್ಬ ಅಂತ ಕುಂತ್ಕಬೇಡ್ರಿ."

ಅಂಗಡಿಗೆ ಬಂದೆ. ಅಣ್ಣ ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಚಾಪೆಯ ಮೇಲೆ ನನ್ನ ಜಾಗದಲ್ಲಿ ಕುಳಿತು ಕಾಜ ಹಾಕುತ್ತಿದ್ದ. ಮಿಷನ್ನು ಖಾಲಿ ಇತ್ತು. ಬಾಗಿಲಲ್ಲಿ ಕಾಲೇಜು ಹುಡುಗರಿಬ್ಬರು ಕಾಯುತ್ತಿದ್ದರು. ಒಬ್ಬ ನನ್ನನ್ನು ನೋಡಿ, "ಟೈಲ್ರೇ, ನಂದು ಹಬ್ಬಕ್ಕೆ ಗ್ಯಾರಂಟಿ ಕೊಡ್ತೀರಿ ಅಲ್ರೀ?" ಎಂದ. ಅಲ್ಲಿಯವರೆಗೆ ನಾನು ಎಲ್ಲರಿಗೂ ರುದ್ರನೇ, ಟೈಲರ್ ಅಂದರೆ ಅಣ್ಣ. ಆ ಹುಡುಗ ಅಣ್ಣನ ಎದುರಿಗೇ ನನ್ನನ್ನು ಟೈಲ್ರೇ ಎಂದು ಕರೆದ.

ಅಣ್ಣ ಹಲ್ಲಲ್ಲಿ ದಾರ ಕಡಿದು ಕೇಳಿದ: "ಏನಂದ್ರು ಡಾಕ್ಟ್ರು?"

ದುರ್ಗಕ್ಕೆ ಹೋದರೆ ಜೊತೆಗೆ ನಾನೇ ಹೋಗಬೇಕು, ಅಂಗಡಿ ಮುಚ್ಚಬೇಕು. ಇದೆಲ್ಲ ಯೋಚಿಸಿ ಹೇಳಿದೆನೋ, ಬಾಯಿಗೆ ಬಂದದ್ದನ್ನು ಹೇಳಿದೆನೋ ಗೊತ್ತಿಲ್ಲ. "ಸ್ವಲ್ಪ ಸಕ್ಕರೆ ಐತಂತಣ್ಣ. ಹಬ್ಬ ಮುಗಿಸ್ಕಂಡು ದುರ್ಗಕ್ಕೆ ಹೋಗಿ ತೋರಿಸ್ರಿ ಅಂದ್ರು. ಅವಸರ ಏನಿಲ್ಲಂತೆ" ಎಂದೆ.

"ಹಂಗಾರೆ ಒಳ್ಳೇದಾತು. ಹಬ್ಬದ ಬಟ್ಟೆ ಸಿಗದಿದ್ರೆ ಮಕ್ಳು ಅಳ್ತಾವೆ" ಎಂದು ಅಣ್ಣ ಮತ್ತೊಂದು ಅಂಗಿ ಎಳೆದುಕೊಂಡ.

ಆಮೇಲಿನ ದಿನಗಳಲ್ಲಿ ನಾನು ಮಿಷನ್ನಿನಿಂದ ಏಳಲೇ ಇಲ್ಲ. ಸುಳ್ಳು ಯಾಕೆ ಹೇಳಲಿ, ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳು ಹೆಚ್ಚು ಬಂದಿಲ್ಲ. ಅಣ್ಣ ಚಾಪೆಯಲ್ಲಿ ಕೂರಲಾರದೆ ಸ್ಟೂಲಿನ ಮೇಲೆ ಕುಳಿತು ಕಾಲನ್ನು ಇಳಿಬಿಡುತ್ತಿದ್ದ. ಹಾಗೆ ಬಿಟ್ಟರೆ ಊದುತ್ತದೆ ಎಂದು ನಾನು ಬಟ್ಟೆಯ ಗಂಟು ತಂದು ಕಾಲನ್ನು ಅದರ ಮೇಲೆ ಎತ್ತಿ ಇಡುತ್ತಿದ್ದೆ. ಅವನು ಸ್ವಲ್ಪ ಹೊತ್ತಿಗೆ ಮತ್ತೆ ಇಳಿಬಿಡುತ್ತಿದ್ದ. "ಇಳಿಬಿಟ್ರೇ ಹಾಯ್ ಅನ್ಸುತ್ತೆ ಕಣಲೇ" ಎನ್ನುತ್ತಿದ್ದ. ನಾನು ಮತ್ತೆ ಎತ್ತಿ ಇಡುತ್ತಿದ್ದೆ. ರಕ್ತ ಇಳಿಯದ ಕಾಲನ್ನು ಎತ್ತಿ ಇಡಬಾರದು ಎಂದು ಆಮೇಲೆ ತಿಳಿಯಿತು.

ಯುಗಾದಿಯ ದಿನ ಎಣ್ಣೆನೀರು ಹಾಕಲು ಪಟ್ಟಿ ಬಿಚ್ಚಿದ ಅತ್ತಿಗೆ ಕೂಗಿಕೊಂಡರು. ಹೆಬ್ಬೆರಳು ಕಪ್ಪಾಗಿತ್ತು. ಬೇವುಬೆಲ್ಲ ತಟ್ಟೆಯಲ್ಲೇ ಉಳಿಯಿತು. ಮಲ್ಲಣ್ಣನೂ ನಾನೂ ಸೇರಿ ಅಣ್ಣನನ್ನು ಎತ್ತಿ ದುರ್ಗದ ಬಸ್ಸು ಹತ್ತಿಸಿದೆವು.

ದುರ್ಗದ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ನೋಡಿದರು. ಪಾದದ ಮೇಲೆ, ಕಣಕಾಲ ಗಂಟಿನ ಹಿಂದೆ, ಮೊಣಕಾಲ ಹಿಂದೆ ಬೆರಳಿಟ್ಟು ಕಣ್ಣು ಮುಚ್ಚಿ ನೋಡಿದರು. ಆಮೇಲೆ ನನ್ನನ್ನು ಕರೆದು, "ನಿನ್ನ ಪಾದದ ಮೇಲೆ ಇಲ್ಲಿ ಬೆರಳಿಡು" ಎಂದರು. ಇಟ್ಟೆ. ಟಕ್ ಟಕ್ ಎಂದು ಹೊಡೆದುಕೊಳ್ಳುತ್ತಿತ್ತು. "ಈಗ ಅಣ್ಣನದು ಮುಟ್ಟು." ಮುಟ್ಟಿದೆ. ಕಲ್ಲು ಮುಟ್ಟಿದ ಹಾಗೆ ತಣ್ಣಗಿತ್ತು. ಏನೂ ಇಲ್ಲ.

"ನಡೆದ್ರೆ ಮೀನಖಂಡ ನೋವು, ನಿಂತ್ರೆ ಕಡಿಮೆ, ಹಂಗಾಗ್ತಿತ್ತಾ?" ಎಂದು ಅಣ್ಣನನ್ನು ಕೇಳಿದರು.

"ಹೂಂ ಸಾರ್, ಎರಡ್ ವರ್ಷದಿಂದ. ಅದಕ್ಕೇ ಅಲ್ಲಲ್ಲಿ ನಿಂತ್ಕಂಡು ಯಾರನ್ನಾದ್ರೂ ಮಾತಾಡಿಸ್ತಿದ್ದೆ. ಸುಮ್ಸುಮ್ನೆ ನಿಂತ್ರೆ ಜನ ಏನಂತಾರೆ? ಮಿಷನ್ ತುಳಿವಾಗ್ಲೂ ಹಂಗೇ. ಬೀಡಿ ನೆವ ಮಾಡ್ಕಂಡು ಏಳ್ತಿದ್ದೆ."

"ಆ ಬೀಡಿನೇ ಕಾಲು ತಿಂತಲ್ಲಪ್ಪ" ಎಂದರು ಡಾಕ್ಟರು. "ಮೊದಲೆಲ್ಲ ಈ ಥರ ಕಾಲು ತಗಂಡು ಬರೋರು ಬೀಡಿ ಸೇದೋರು ಮಾತ್ರ. ಈಗೀಗ ಬರೋರು ಕಾಲಿನ ಜೊತೆ ಸಕ್ಕರೆನೂ ತರ್ತಾರೆ, ಬಿಪಿನೂ ತರ್ತಾರೆ, ಕೆಲವರು ಎದೆನೋವೂ ತರ್ತಾರೆ. ಬೀಗರು ಬಂದಂಗೆ, ಒಬ್ಬರ ಹಿಂದೆ ಒಬ್ಬರು. ಜನ ಒಂದೊಂದನ್ನ ಒಂದೊಂದು ಕಡೆ ತೋರಿಸ್ತಾರೆ, ಎಲ್ಲ ಸೇರಿಸಿ ಯಾರೂ ಹೇಳಲ್ಲ." ಆಮೇಲೆ ಕೇಳಿದರು: "ಇಷ್ಟು ದಿನ ಯಾಕೆ ಬರಲಿಲ್ಲ? ಮೊದಲೇ ಬಂದಿದ್ರೆ ಬೆರಳಿಗೆ ಮುಗೀತಿತ್ತೇನೋ, ಈಗ ಕಾಲೇ ತೆಗೀಬೇಕು."

"ತಪ್ಪು ನಂದೇ ಸಾರ್. ಹಬ್ಬದ ಬಟ್ಟೆ ಇದ್ವು" ಎಂದ ಅಣ್ಣ.

ನಾನು ಅಲ್ಲೇ ನಿಂತಿದ್ದೆ.

ಅಣ್ಣನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಊರಿಗೆ ಬಂದ ಮೇಲೆ ಮಿಷನ್ನಿಗೆ ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿ ಮನೆಯಲ್ಲೇ ಸಣ್ಣ ಹೊಲಿಗೆ ಮಾಡುತ್ತಿದ್ದ. ಅಂಗಡಿಗೆ ನಾನು ಬೇರೆ ಮಿಷನ್ನು ತಂದೆ. ಅಣ್ಣ ಬೀಡಿ ಬಿಟ್ಟ. ಸಾಕಮ್ಮಜ್ಜಿ ದಿನಾ ಕೋಲೂರಿಕೊಂಡು ಬಂದು, "ಈಗ ನಾನೇ ಬರ್ತೀನಿ ಕಣಪ್ಪ, ಏನ್ ಕೇಳ್ತೀಯೋ ಕೇಳು" ಎಂದು ಎದುರಿಗೆ ಕೂರುತ್ತಿದ್ದಳು.

ಒಂದು ಸಂಜೆ ತಡೆಯಲಾಗದೆ ಹೇಳಿದೆ: "ಅಣ್ಣ, ಆ ಸೂಜಿ ನಾನೇ ಮುರಿದಿದ್ದು. ನಾನು ಆರಿಸಲಿಲ್ಲ."

ಅಣ್ಣ ನನ್ನ ಮುಖ ನೋಡಿ ನಕ್ಕ. "ಲೇ, ಸೂಜಿ ಹೊಕ್ಕಿದ್ದು ಆ ಕಾಲಿಗೆ. ಆ ಕಾಲೇ ಹೋತು. ಇನ್ನೂ ಏನ್ ಕೀಳ್ತಾ ಕುಂತೀಯ?"

ಒಳಗಿದ್ದ ಅತ್ತಿಗೆಯೂ ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸು ಹಗುರಾಗಲಿಲ್ಲ. ಸಣ್ಣ ತಪ್ಪನ್ನು ಒಪ್ಪಿಸಿ ದೊಡ್ಡದನ್ನು ಒಳಗೇ ಇಟ್ಟುಕೊಂಡಿದ್ದೆ. ಅದನ್ನೂ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಹೋದವು. ೧೯೭೯ರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಅಣ್ಣ ಎದೆ ಹಿಡಿದುಕೊಂಡು ಒರಗಿದ, ಮತ್ತೆ ಏಳಲಿಲ್ಲ. ದುರ್ಗದ ಡಾಕ್ಟರು ಹೇಳಿದ ಕೊನೆಯ ಬೀಗರೂ ಬಂದಿದ್ದರು.

ಈಗ ನನಗೂ ಸಕ್ಕರೆ ಇದೆ. ಬೇಗ ಗೊತ್ತಾಯಿತು, ಬೇಗ ಮಾತ್ರೆ ಶುರುವಾಯಿತು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅಣ್ಣನ ಕಾಲು ನನ್ನ ಕಾಲನ್ನು ಉಳಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಪಾದದ ಮೇಲೆ ಬೆರಳಿಟ್ಟು ನೋಡುತ್ತೇನೆ. ಟಕ್ ಟಕ್ ಎಂದು ಹೊಡೆದುಕೊಳ್ಳುತ್ತದೆ. ಆಗೆಲ್ಲ ಅಂಗಡಿಯ ಚಾಪೆಯ ಮೇಲೆ ಕಾಲು ಚಾಚಿ ಕುಳಿತ ಅಣ್ಣ ದಾರ ಕಡಿದು ಕೇಳಿದ್ದು ಕಿವಿಗೆ ಬೀಳುತ್ತದೆ. ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ವರ್ಷವಾದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ನಾಳೇನೇ ಹೋಗ್ರಿ ಅಂದಿದ್ರಣ್ಣ.