ಜಯಕ್ಕನ ಅಳತೆ ಪುಸ್ತಕ

ಹೊಲಿದು ಮುಗಿಸಿದ ಬಟ್ಟೆಯನ್ನು ಜಯಕ್ಕ ಕೂಡಲೇ ಮಡಿಚಿ ಕೊಡುತ್ತಿರಲಿಲ್ಲ. ಒಳಮೈ ಹೊರಗೆ ಮಾಡಿ, ಒಂದೊಂದು ಹೊಲಿಗೆಯನ್ನೂ ತನ್ನ ಕೆನ್ನೆಗೆ ಉಜ್ಜಿ ನೋಡುತ್ತಿದ್ದಳು. ಭಾರತೀನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಅಂಗಡಿಯಲ್ಲಿ, ಬಸ್ಸು ತಪ್ಪುತ್ತದೆಂದು ಗಿರಾಕಿಗಳು ಚಡಪಡಿಸುತ್ತಿದ್ದರೂ ಅವಳಿಗೆ ಆತುರವಿರಲಿಲ್ಲ. ನಾನಂತೂ ಅವಸರದವಳು. ಕಾಲೇಜು ಲೈಬ್ರರಿಯ ಕೆಲಸ, ಮನೆ, ಏಳು ವರ್ಷದ ಮಗಳು ನಿಧಿ. ಈ ಉಜ್ಜಾಟ ಕಂಡರೆ ನನಗೆ ಮೈ ಉರಿಯುತ್ತಿತ್ತು. "ಬೇಗ ಕೊಡು ಜಯಕ್ಕ" ಅಂದರೆ, "ನಿಂಗೇನವ್ವ, ಆಕ್ಕೊಳೋ ಮೈ ಬ್ಯಾರೆ" ಎನ್ನುವಳು.

ನಿಧಿಗೆ ಆಟಿಸಂ ಇದೆಯೆಂದು ಮಂಡ್ಯದ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಹೇಳಿದ್ದು ನನ್ನ ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಬೆಳಗಾದರೆ ರಂಪ. ಯೂನಿಫಾರ್ಮ್ ಹಾಕಿದ ಕೂಡಲೇ ಕಿರುಚಾಟ, ಗುಂಡಿ ಕೀಳುವುದು, ಕಾಲರ್ ಹರಿಯುವುದು. ಟೀಚರ ಕೈ ಕಚ್ಚಿದ ದಿನ ಹೆಡ್‌ಮಿಸ್ ನನ್ನನ್ನು ಕರೆಸಿ, ಇನ್ನೊಂದು ಸಲ ಹೀಗಾದರೆ ಟಿ.ಸಿ. ತೆಗೆದುಕೊಂಡು ಹೋಗಿ ಎಂದರು. ಸುತ್ತಮುತ್ತ ಅವಳನ್ನು ಸೇರಿಸಿಕೊಂಡಿದ್ದೇ ಅದೊಂದು ಶಾಲೆ.

ಅವತ್ತೇ ಸಂಜೆ ಹರಿದ ಶರಟು ಹಿಡಿದು ಜಯಕ್ಕನ ಅಂಗಡಿಗೆ ಹೋದೆ. ಅಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಶರಟು ಕಂಡದ್ದೇ ತಡ, ನಿಧಿ ನೆಲಕ್ಕೆ ಬಿದ್ದು ಹೊರಳಾಡಿದಳು. "ಏನ್ ಅಟಮಾರಿ ಮಗ ಸಾಕಿದ್ದೀರಿ" ಎಂದು ಯಾರೋ ಅಂದರು. ನಾನು ಛಟೀರನೆ ಬಾರಿಸಿಬಿಟ್ಟೆ. ಮಷೀನು ನಿಂತಿತು.

"ಯಾಕವ್ವ ಒಡ್ದೆ?"

"ಸಿಟ್ಟು ಜಯಕ್ಕ ಇವಳಿಗೆ. ಮೂಗಿನ ತುದೀಲೇ ಸಿಟ್ಟು."

ಜಯಕ್ಕ ಶರಟಿನ ಕಾಲರನ್ನು ತಿರುವಿ, ಕೆನ್ನೆಗೆ ಒತ್ತಿಕೊಂಡು, ಮುಖ ಸಿಂಡರಿಸಿದಳು. ಒಳಗೆ ಗಟ್ಟಿ ಕ್ಯಾನ್ವಾಸು, ಅದರ ತುದಿಯಲ್ಲಿ ಕಂಪನಿಯ ಲೇಬಲ್ಲು. ಆಮೇಲೆ ನಿಧಿಯ ಪಕ್ಕ ನೆಲದಲ್ಲೇ ಕೂತು, ಮುಟ್ಟದೆ, ಬೆರಳು ಮಾಡಿ ಅವಳ ಕತ್ತು ತೋರಿಸಿದಳು. ಕೆಂಪಗೆ ಕಂದಿತ್ತು. ಅಷ್ಟು ದಿನ ನನಗದು ಕಂಡಿರಲಿಲ್ಲ.

"ಸಿಟ್ಟಲ್ಲ ಕಣವ್ವ ಅದು. ಚುಚ್ತಾ ಅದೆ. ಯೋಳಕ್ಕೆ ಬರಾಕಿಲ್ಲ ಮಗೀಗೆ, ಅದ್ಕೇ ಕಿರುಚ್ತದೆ."

ಕ್ಯಾನ್ವಾಸು, ಲೇಬಲ್ಲು ಎರಡನ್ನೂ ಕಿತ್ತು, ತನ್ನ ಹಳೇ ಕಾಟನ್ ಸೀರೆಯ ತುಂಡನ್ನು ಒಳಗೆ ಹಾಕಿ ಹೊಲಿದಳು. ಮಾರನೇ ದಿನ ನಿಧಿ ಸದ್ದಿಲ್ಲದೆ ವ್ಯಾನು ಹತ್ತಿದಳು. ನಾನು ಬಾಗಿಲಲ್ಲಿ ನಿಂತು ಅತ್ತೆ.

ಎರಡು ವಾರ, ಅಷ್ಟೇ. ಮತ್ತೆ ಶುರುವಾಯಿತು, ಈ ಸಲ ಸಂಜೆ, ಶಾಲೆಯಿಂದ ಬಂದ ಮೇಲೆ. ನಾನು ಜಯಕ್ಕನ ಮೇಲೇ ಹರಿಹಾಯ್ದೆ. "ನಿನ್ನ ಸೀರೆ ತುಂಡು ಏನೂ ಮಾಡ್ಲಿಲ್ಲ!"

ಅವಳು ಎಣ್ಣೆ ಜಿಡ್ಡಿನ ಅಳತೆ ಪುಸ್ತಕ ತೆಗೆದು, ಒಂದೇ ಹುಡುಗಿಯ ಮೂರು ಸಲದ ಅಳತೆ ತೋರಿಸಿದಳು. ಒಂದರಂತೆ ಒಂದಿರಲಿಲ್ಲ. "ಓದ್ಸಲದ ಅಳ್ತೇಲಿ ಈ ಸಲ ಒಲ್ಯಕ್ಕಾದದಾ? ಇವತ್ತಿಂದು ಇವತ್ತೇ ತಕೋಬೇಕು. ಕಿರುಚೋಕೆ ಮುಂಚೆ ಏನಾಯ್ತು, ಬರಿ. ಉಂಡಿದ್ಲಾ, ಮನಗಿದ್ಲಾ, ಏನ್ ಸದ್ದಾಯ್ತು." ಖಾಲಿ ಹಾಳೆ ಹರಿದು ಕೊಟ್ಟಳು. ಹೊರಟವಳನ್ನು ಮತ್ತೆ ಕರೆದು ಹೇಳಿದಳು: "ನೀನ್ ಒಡ್ಯಕ್ಕೆ ಮುಂಚೆ ಏನಾಯ್ತದೆ, ಅದ್ನೂ ಬರ್ಕೋ."

ಗೊಣಗುತ್ತಲೇ ಬರೆದೆ, ವ್ಯಾನಿನ ಡ್ರೈವರನ್ನೂ ಕೇಳಿ ಬರೆದೆ. ಊರಿನ ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬು ಅರೆಯುವ ದಿನಗಳು. ವ್ಯಾನು ಕಬ್ಬಿನ ಟ್ರಾಕ್ಟರುಗಳ ಹಿಂದೆ ಮುಕ್ಕಾಲು ಗಂಟೆ ತೆವಳುತ್ತಿತ್ತು. ಒಂದೊಂದು ಟ್ರಾಕ್ಟರಿನಲ್ಲೂ ಎದೆ ಅದುರಿಸುವ ಹಾಡು. ಮಗುವಿನ ಹೊಟ್ಟೆಯೋ ಖಾಲಿ. ಕಿವಿಗೆ ಹಾಕಲು ದಪ್ಪ ಹೆಡ್‌ಫೋನ್ ತಂದೆ, ಬ್ಯಾಗಿಗೆ ಬಾಳೆಹಣ್ಣು ಇಟ್ಟೆ. ರಂಪ ಪೂರಾ ನಿಲ್ಲಲಿಲ್ಲ, ಆದರೆ ದಿನಾ ಇದ್ದದ್ದು ವಾರಕ್ಕೊಮ್ಮೆಗೆ ಬಂತು. ಟಿ.ಸಿ.ಯ ಮಾತು ಹೆಡ್‌ಮಿಸ್ ಮತ್ತೆ ಎತ್ತಲಿಲ್ಲ.

ನನ್ನ ಹಾಳೆಯಲ್ಲಿ ಮಾತ್ರ ಪ್ರತಿ ಸಲವೂ ಒಂದೇ ಇತ್ತು: ಜನ ನೋಡುತ್ತಿದ್ದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ನಾದಿನಿಯ ಮನೆಯಲ್ಲಿ. ಯಾರೂ ಇಲ್ಲದಾಗ ನಾನು ಮಗಳಿಗೆ ಹೊಡೆದೇ ಇರಲಿಲ್ಲ. ಓದಿ ನಾಚಿಕೆಯಾಯಿತು. ಜಯಕ್ಕನಿಗೆ ತೋರಿಸಿದೆ. ಅವಳು ಬೈಯಲಿಲ್ಲ. "ನಿಂಗೆ ಚುಚ್ಚೋದು ಇದು ಅನ್ನು" ಎಂದಷ್ಟೇ ಹೇಳಿ ದಾರ ಪೋಣಿಸತೊಡಗಿದಳು.

ಈ ವರ್ಷ ಜಯಕ್ಕ ಎದೆನೋವೆಂದು ಆತಗೂರಿನ ತಮ್ಮನ ಮನೆಗೆ ಹೋದವಳು ಅಲ್ಲೇ ತೀರಿಕೊಂಡಳು. ನಿಧಿಯನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ. ಹೆಡ್‌ಫೋನ್ ಹಾಕಿ ಕರೆದುಕೊಂಡೇ ಹೋದೆ. ಬೀದಿ ತುಂಬ ಜನ. ತಮಟೆಯವರು ಆಗಲೇ ಬಂದಿದ್ದರು. ಚಟ್ಟದಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆವು. ಜಯಕ್ಕನ ಸೀರೆಯ ಅಂಚು ಕಾಣುತ್ತಿತ್ತು.

"ಬಾ ರೇಖಮ್ಮ, ಮಕ ನೋಡ್ಬುಡು, ಇನ್ನೇನ್ ಎತ್ಬುಡ್ತಾರೆ" ಎಂದು ಅವಳ ತಮ್ಮನ ಹೆಂಡತಿ ನನ್ನನ್ನು ಕೂಗಿದಳು.

ಆಗ ತಮಟೆ ಶುರುವಾಯಿತು. ನನ್ನ ಕೈಯೊಳಗೆ ನಿಧಿಯ ಬೆರಳು ಸೆಟೆದುಕೊಂಡವು. ಅವಳು ತುಟಿ ಕಚ್ಚಿಕೊಂಡು ಲಂಗದ ಅಂಚು ಹಿಂಡತೊಡಗಿದಳು. ಇನ್ನು ಅರೆನಿಮಿಷದಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಹತ್ತೇ ಹೆಜ್ಜೆ. ಓಡಿಹೋಗಿ ನೋಡಿ ಬರಲೇ? ಜನವೆಲ್ಲ ನನ್ನನ್ನೇ ನೋಡುತ್ತಿದ್ದರು.

ನಿಧಿಯನ್ನು ಎತ್ತಿಕೊಂಡು ತಿರುಗಿದೆ. "ನೋಡು, ಮಕಾನೂ ನೋಡ್ದಂಗೆ ಓಯ್ತಾವ್ಳೆ" ಎಂದು ಹಿಂದಿನಿಂದ ಕೇಳಿಸಿತು. ನಿಲ್ಲಲಿಲ್ಲ. ನಾಲೆ ಏರಿಯವರೆಗೂ ನಡೆದು, ಹೆಡ್‌ಫೋನಿನ ಮೇಲೆ ನನ್ನ ಎರಡೂ ಅಂಗೈ ಮುಚ್ಚಿ ಹಿಡಿದು ಕೂತೆ. ತಮಟೆ ದೂರವಾಯಿತು. ನಿಧಿಯ ಉಸಿರು ಮೆಲ್ಲಗೆ ಹದಕ್ಕೆ ಬಂತು. ಜಯಕ್ಕನ ಮುಖ ನಾನು ನೋಡಲೇ ಇಲ್ಲ.